ಸಹಿ ಅವರದು, ಅಕ್ಷರ ನನ್ನದು

ರಾಂಜಣಗಾಂವ
೧೪-೮-೧೯೯೯

ಅಂಬಣ್ಣನವರಿಗೆ ಶಿವಕಾಂತಾ ಸಿಸ್ಟರ್ ಮಾಡುವ ನಮಸ್ಕಾರ.

ನಿಮ್ಮ ಮನಿಯವರು ಅನುಸೂಯಾ ಅಕ್ಕಾರು ಪುಣೆಯ ದವಾಖಾನಿಯಿಂದ ಮನಿಗೆ ಬಂದ್ರು ಅಂತ ಕೇಳಿ ಜೀವ ಬಂದಂಗಾತು. ನಿಮ್ಮ ಎದುರಿಗೆ ನಿಂತು ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರೀತೀನ್ರಿ.

ಅಕ್ಕಾರ ಗಂಟಲು ಬ್ಯಾನಿಗೆ ಪೆನಿಸಿಲಿನ್ ಗುಳಿಗಿ ಬರದುಕೊಟ್ಟಾಕಿ ನಾನು. ಡಾಕ್ಟರು ಇಲ್ಲಿಯ ದವಾಖಾನಿಗೆ ವಾರಕ್ಕ ಒಂದ ದಿನ ಬರ್ತಾರ. ಉಳಿದ ದಿನಕ್ಕಂತ ಸಹಿ ಮಾಡಿದ ಖಾಲಿ ಚೀಟಿ ಇಟ್ಟು ಹೋಗ್ತಾರ. ಔಷಧ ಬರಿಯೋ ಅಧಿಕಾರ ನರ್ಸಿಗಿಲ್ಲ. ಆದ್ರೂ ಎರಡು ವರ್ಷ ಬರದೆ. ಜನ ಆರಾಮ ಆದ್ರು, ನನಗ ಸೊಕ್ಕು ಬಂತು.

ಅಕ್ಕಾರ ಮುಖ ಬಾತು ಉಸಿರು ಕಟ್ಟಿದಾಗ ಇಂಜೆಕ್ಷನ್ ಕೊಟ್ಟು ಪುಣೆಗೆ ಕರಕೊಂಡು ಓಡಿದ್ದು ಖರೆ. ನೀವು ಕೈ ಮುಗಿದು, "ಡಾಕ್ಟರ ಚೀಟಿ ಕೊಲ್ಲತಿತ್ತು ಸಿಸ್ಟರ್, ನೀವು ಉಳಿಸಿದ್ರಿ" ಅಂದ್ರಿ. ನಾನು "ಇರಲಿ ಬಿಡ್ರಿ" ಅಂದೆ. ಆ ಮಾತು ನೆನಸಿಕೊಂಡ್ರ ತಲಿ ಎತ್ತಾಕ ಆಗವಲ್ದು.

ಸೋಮವಾರ ನೀವು ಡಾಕ್ಟರ ಮ್ಯಾಲೆ ದೂರು ಕೊಡ್ತೀರಂತ ಕೇಳೀನಿ. ಕೊಡೂವಾಗ ನನ್ನ ಹೆಸರು ಮೊದಲು ಬರೀರಿ, ಡಾಕ್ಟರದು ಆಮ್ಯಾಲೆ. ಅವರಿಗೂ ಹೇಳೇನಿ.

ಇನ್ನ ಮುಂದ ಯಾವ ದವಾಖಾನಿಗೆ ಹೋದ್ರೂ ಅಕ್ಕಾರಿಗೆ ಪೆನಿಸಿಲಿನ್ ಆಗಂಗಿಲ್ಲ ಅಂತ ಹೇಳ್ರಿ. ಹಿಂದ ಇಂದಾಪುರದಾಗೂ ಹಿಂಗ ಆಗಿತ್ತಂತ, ಎಚ್ಚರಾದ ಮ್ಯಾಲೆ ಅಕ್ಕಾರೇ ಹೇಳಿದ್ರು. ಚೀಟಿ ಬರಿಯೋವಾಗ ನಾನು ಒಂದು ಮಾತು ಕೇಳಿದ್ರ ಅವತ್ತ ಹೇಳತಿದ್ರು. ಸಾಲು ಉದ್ದ ಇತ್ತು ಅಂತ ಕೇಳಲಿಲ್ಲ.

ಇತಿ,
ಶಿವಕಾಂತಾ