ಎರಡು ಸಲ ದಾಟಿದ ಹೊಳೆ

ಇಸವಿ 2209, ಜೋಳದ ತಿಂಗಳ ಮೂವತ್ತಾರನೆಯ ದಿನ, ಮಲಪ್ರಭೆಯ ದಂಡೆ

ಹಿಂದಿನ ಕಾಲದ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಾವು ತಿಂಗಳನ್ನು ಬೆಳೆಯಿಂದ ಎಣಿಸುತ್ತೇವೆ; ಜೋಳ ಕೊಯ್ಲಿಗೆ ಬರುವತನಕ ತಿಂಗಳು ಮುಗಿಯುವುದಿಲ್ಲ. ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕೆಲವು ಮಾತು ನಮಗೂ ಹೀಗೆಯೇ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಮ್ಮ ಮಕ್ಕಳಿಗೆ ತಿಳಿಸಿ ಹೇಳಲು ನನಗೆ ಒಂದು ಮಧ್ಯಾಹ್ನವೇ ಬೇಕಾಯಿತು.

ನಮ್ಮ ಅವ್ವ ಫಕ್ಕೀರವ್ವ ಕಥೆ ಹೇಳುವವಳು. ವಯಸ್ಸು ಎಪ್ಪತ್ತೊಂದು. ಅವಳ ತಂಗಿ, ನನ್ನ ಚಿಕ್ಕವ್ವ ಸಾಂವಕ್ಕ, ಪಕ್ಕದಲ್ಲಿ ಕೂತು ಹೂಂಗುಟ್ಟುವವಳು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಅದು ನಮ್ಮ ಕಟ್ಟಳೆ. ಮೂವತ್ತು ವರ್ಷದಲ್ಲಿ ಚಿಕ್ಕವ್ವ ಒಮ್ಮೆಯೂ ನಿಲ್ಲಿಸಿರಲಿಲ್ಲ.

ನಲವತ್ತು ದಾಟಿದ ಎಲ್ಲರಿಗೂ ಇಲ್ಲಿ ವರ್ಷಕ್ಕೊಮ್ಮೆ ‘ನೆನಪುಕಾವಲು’ ಇರುತ್ತದೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯುತ್ತಾರೆ. ಒಂದು ಲೋಟ ಮಜ್ಜಿಗೆ ಕುಡಿಯುವುದರೊಳಗೆ ಮರೆವಿನ ರೋಗ ಹತ್ತಿದೆಯೋ ಇಲ್ಲವೋ ಎಂಬ ಉತ್ತರ ಬರುತ್ತದೆ. ಕಥೆಗಾಗಿ ಊರೂರು ತಿರುಗುವ ಅವ್ವ ಮೂರು ವರ್ಷ ಅದನ್ನು ತಪ್ಪಿಸಿಕೊಂಡಿದ್ದಳು. ನಾವೂ ಒತ್ತಾಯಿಸಲಿಲ್ಲ. ಆಗ ಅವಳ ಕಥೆಗಳು ಹೊಸ ಹೊಸ ತಿರುವು ಪಡೆಯುತ್ತಿದ್ದವು. ಅರಸನ ಮಗ ಒಂದೇ ಹುಡುಗಿಯನ್ನು ಎರಡು ಸಲ ಮದುವೆಯಾದ, ಸತ್ತ ಕುದುರೆ ಎದ್ದು ಹುಲ್ಲು ಮೇಯಿತು. ಹೇಳಿದ್ದನ್ನು ಹೇಳಿದ ಹಾಗೇ ಹೇಳಿದರೆ ಕಥೆ ಹಳಸುತ್ತದೆ ಎಂದು ನಂಬಿದ ಜನ ನಾವು. ಮುದುಕಿಯ ನಾಲಗೆಗೆ ಈಗ ಹದ ಬಂದಿದೆ ಎಂದು ಹೆಮ್ಮೆಪಟ್ಟೆವು.

ಹೋದ ವರ್ಷ ಒಂದು ಸಂಜೆ ಕಥೆಯ ಅರಸನ ಮಗ ಹೊಳೆ ದಾಟಿದ. ಸ್ವಲ್ಪ ಹೊತ್ತಿಗೆ ಅದೇ ದಡದಿಂದ, ಅದೇ ಮಾತಿನಲ್ಲಿ, ಮತ್ತೆ ದಾಟತೊಡಗಿದ. ಚಿಕ್ಕವ್ವ ಹೂಂ ಅನ್ನಲಿಲ್ಲ.

“ಯಕ್ಕಾ, ಈ ಹೊಳಿ ಆಗ್ಲೇ ದಾಟೇವಿ,” ಎಂದಳು.

“ಕಥಿ ನಂದೋ, ನಿಂದೋ?” ಎಂದಳು ಅವ್ವ.

“ಕಥಿ ನಿಂದು. ಕಿವಿ ನಂದು.”

ಅವ್ವ ಎರಡು ದಿನ ತಂಗಿಯೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹೋಗಿ ಬೆರಳು ಕೊಟ್ಟಳು. ರೋಗ ಹೊಸ್ತಿಲೊಳಗೆ ಕಾಲಿಟ್ಟಿತ್ತು, ನಡುಮನೆ ಸೇರಿರಲಿಲ್ಲ. ಮಿದುಳಿನಲ್ಲಿ ಕೂಡುವ ಕಸವನ್ನು ತೆಗೆಯುವ ‘ಗುಡಿಸುಮದ್ದು’ ಆರು ತಿಂಗಳು ನಡೆಯಿತು. ಹೋದದ್ದು ಬರುವುದಿಲ್ಲ, ಇದ್ದದ್ದು ಹೋಗುವುದಿಲ್ಲ ಎಂದರು ಡಾಕ್ಟರಮ್ಮ. ಐವತ್ತು ಕಥೆಗಳಲ್ಲಿ ನಾಲ್ಕು ಹೋಗಿವೆ. ನಮ್ಮೆಲ್ಲರ ಹೆಸರುಗಳು ಉಳಿದಿವೆ. ರೋಗ ನಿಂತಲ್ಲೇ ನಿಂತಿದೆ ಎಂದು ಮೊನ್ನೆಯ ಪರೀಕ್ಷೆಯಲ್ಲಿ ತಿಳಿದಾಗ ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಊಟದ ಹೊತ್ತಾಯಿತು, ಏಳು ಎಂದು ಅವ್ವ ಗದರಿದಳು.

ಈ ಮದ್ದಿನ ಹುಟ್ಟು ಹುಡುಕುತ್ತ ಹೋದರೆ ದಾರಿ ನಿಮ್ಮ ಕಾಲಕ್ಕೆ ಬಂದು ಮುಟ್ಟುತ್ತದೆ. ತಮಗೆ ಗುಣವಾಗದೆಂದು ತಿಳಿದೂ ನಿಮ್ಮಲ್ಲಿ ಕೆಲವರು ಹೊಸ ಮದ್ದಿನ ಪ್ರಯೋಗಕ್ಕಾಗಿ ವರ್ಷಗಟ್ಟಲೆ ಸೂಜಿಗೆ ತೋಳು ಕೊಟ್ಟಿರಿ. ಕೆಲವರ ಸೂಜಿಯಲ್ಲಿ ಮದ್ದಿತ್ತು, ಕೆಲವರದರಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಚುಚ್ಚಿದವರಿಗೂ ಗೊತ್ತಿರಲಿಲ್ಲವಂತೆ. ಕಡತದಲ್ಲಿ ನಿಮ್ಮ ಸಂಖ್ಯೆಗಳಿವೆ, ಹೆಸರಿಲ್ಲ.

ಕಥೆ ತೊಡಗುವ ಮೊದಲು ನಾವು ಕಲಿಸಿದವರ, ಉಣಿಸಿದವರ ಹೆಸರೆತ್ತಿ ಕೈಮುಗಿಯುತ್ತೇವೆ. ಅವ್ವ ಈಗ ಅಲ್ಲಿ ಒಂದು ಗಳಿಗೆ ತಡೆಯುತ್ತಾಳೆ. ಮರೆತಳೆಂದು ಮೊದಲ ಸಲ ಹೆದರಿದ್ದೆ. ಮರೆತಿಲ್ಲ, ನಿಮಗೆ ಜಾಗ ಬಿಡುತ್ತಾಳೆ. ಆದ್ದರಿಂದ ಒಂದೇ ಬೇಡಿಕೆ: ನಿಮ್ಮ ಹೆಸರುಗಳನ್ನು ಎಲ್ಲಾದರೂ ಬರೆದಿಡಿ.

ಫಕ್ಕೀರವ್ವನ ಮಗ,
ಬರಮಪ್ಪ