ಕಿತ್ತಳೆ ಹಿಡಿಯ ಚಾಕು

ಬೆಸಗರಹಳ್ಳಿ, ಮದ್ದೂರು ತಾಲ್ಲೂಕು
15 ಜನವರಿ 2025, ಬುಧವಾರ

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ದೀಪಿಕಳ ನಮಸ್ಕಾರ. ಮಂಡಿನೋವು ಹೇಗಿದೆ? ಬ್ಲಫ್‌ನ ಪವರ್ ಹೌಸ್ ಕ್ವಾರ್ಟರ್ಸಿನಲ್ಲಿ ಮೆಟ್ಟಿಲು ಜಾಸ್ತಿ ಎಂದು ನಿಮ್ಮ ಮಗಳು ವೀಣ ಹೇಳಿದಳು. ಮೊಮ್ಮಗುವಿಗೆ ನೀರು ಹಾಕುವುದು ನಿಮ್ಮ ಕೆಲಸ, ಸರಿ. ಬಿಸಿನೀರು ಹೊರುವುದು ಅಳಿಯಂದಿರ ಕೆಲಸವಾಗಲಿ. ಪವರ್ ಹೌಸಿನಲ್ಲಿ ದುಡಿಯುವ ಮನುಷ್ಯನಿಗೆ ಎರಡು ಬಕೆಟ್ಟು ಭಾರವಲ್ಲ. ಬಾಣಂತಿಗೆ ಬೆಳ್ಳುಳ್ಳಿ, ತುಪ್ಪ, ಹೊಸ ಬೆಲ್ಲ ಎಲ್ಲವನ್ನೂ ನಿಮ್ಮ ಮಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದವೂ ಅವರ ಕೈಯಲ್ಲೇ ಬರುತ್ತಿದೆ. ಅವರು ಬಾಯಿ ಬಿಡುವ ಮೊದಲು ಇದನ್ನು ಓದಿಬಿಡಿ, ಇಲ್ಲದಿದ್ದರೆ ಒಂದಕ್ಕೆರಡು ಸೇರಿಸಿ ಹೇಳುತ್ತಾರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಟ್ಟದ್ದು ಯಾವಾಗ?

ಮೊದಲೇ ಹೇಳಿಬಿಡುತ್ತೇನೆ, ಮಾವ ಚೆನ್ನಾಗಿದ್ದಾರೆ. ಜಗುಲಿಯ ಮೇಲೆ ಕೂತು, ಅಂಬಲಿಗೆ ಉಪ್ಪು ಸಾಲದೆಂದು ನನ್ನನ್ನು ಬೈಯುತ್ತಿದ್ದಾರೆ. ನಿನ್ನೆ ಹಬ್ಬದ ದಿನವೂ ಅವರು ಫೋನಿಗೆ ಬರಲಿಲ್ಲವೆಂದು ನೀವು ಮುನಿಸಿಕೊಂಡಿರಲ್ಲ, ಅವರಿಗೆ ದನಿಯೇ ಹೊರಡುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಸ್ವಲ್ಪ ಬಂದಿದೆ. ಯಾಕೆ ಹೋಯಿತು, ಹೇಗೆ ಬಂತು ಎಂದು ಹೇಳುವುದಕ್ಕೇ ಈ ಕಾಗದ.

ಅದಕ್ಕೆ ಮುಂಚೆ ಆ ಚಾಕುವಿನ ವಿಷಯ ಎತ್ತಲೇಬೇಕು. ನೀವು ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೇಳಿದ ಮಾತನ್ನು ನಾನು ಮರೆತಿಲ್ಲ. "ನಾನ್ ಬರಾ ಒತ್ಗೆ ಆ ಚಾಕು ನಿನ್ ಚೀಲ್ದಲ್ಲಿ ಇರ್ಕೂಡ್ದು. ಕಾಲ್ವೆಗ್ ಎಸಿತೀಯೊ, ಏನ್ ಮಾಡ್ತೀಯೊ." ಮನೆಯಲ್ಲಿ ಮಚ್ಚಿದೆ, ಕುಡುಗೋಲಿದೆ, ಈಳಿಗೆಮಣೆಯಿದೆ, ಸೊಸೆಯ ಕೈಚೀಲದಲ್ಲಿ ಚಾಕು ಯಾಕೆ ಎಂಬುದು ನಿಮ್ಮ ವಾದ. ನೋಡಿದವರು, ಇವಳು ಯಾರನ್ನು ಇರಿಯಲು ಹೊರಟಳು ಎನ್ನುತ್ತಾರೆ ಎಂಬುದು ನಿಮ್ಮ ಭಯ. ಆದರೆ ಗಾರ್ಮೆಂಟ್ಸಿಗೆ ಹೋಗುವ ದಾರಿಯಲ್ಲಿ, ಮದ್ದೂರಿನ ಎಳನೀರು ಮಾರುಕಟ್ಟೆಯ ಮುಂದೆ ನಾನು ಕಣ್ಣಾರೆ ಕಂಡದ್ದನ್ನು ನೀವು ಕಂಡಿಲ್ಲ. ಸ್ಕೂಟರಿನ ಹಿಂದೆ ಕೂತಿದ್ದ ಹುಡುಗಿಯ ವೇಲು ಚಕ್ರಕ್ಕೆ ಸುತ್ತಿಕೊಂಡು ಕುತ್ತಿಗೆ ಬಿಗಿದಿತ್ತು. ಸುತ್ತಮುತ್ತ ಬೇಕಾದಷ್ಟು ಮಚ್ಚುಗಳಿದ್ದವು. ಕುತ್ತಿಗೆಯ ಹತ್ತಿರ ಮಚ್ಚು ಬೀಸಲು ಯಾರಿಗೆ ಧೈರ್ಯ ಬರುತ್ತದೆ? ಚಕ್ರ ಹಿಂದಕ್ಕೆ ತಿರುಗಿಸಿ ಬಿಡಿಸುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು. ಬದುಕಿದಳು, ಅವಳ ಪುಣ್ಯ. ನಾನು ಅವತ್ತೇ ತೀರ್ಮಾನ ಮಾಡಿದೆ.

ಚಾಕು ಆರಿಸಿದ ಕಥೆಯನ್ನು ನೀವು ಅರ್ಧ ಕೇಳಿ ಎದ್ದುಹೋದಿರಿ. ಈಗ ಕಾಗದ ಬಿಟ್ಟು ಏಳುವ ಹಾಗಿಲ್ಲ. ಮದ್ದೂರು ಪೇಟೆಯ ಅಂಗಡಿಯಲ್ಲಿ ನಿಮ್ಮ ಮಗ ಥಳಥಳ ಹೊಳೆಯುವುದೊಂದನ್ನು ಎತ್ತಿದರು. ಅದರಲ್ಲಿ ಕತ್ತರಿಯಿದೆ, ಬಾಟಲಿ ತೆಗೆಯುವುದಿದೆ, ಹಲ್ಲುಕಡ್ಡಿ ಸಹ ಇದೆ. ಆದರೆ ಅಲಗನ್ನು ಹೊರಗೆಳೆಯಲು ಎರಡು ಕೈ ಬೇಕು, ಉಗುರೂ ಬೇಕು. ಪಾತ್ರೆ ಉಜ್ಜುವ ಕೈಯಲ್ಲಿ ಉಗುರು ಎಲ್ಲಿಂದ ಬರಬೇಕು? ನಾನು ಅಂಗಡಿಯವರ ಹತ್ತಿರ ಎಣ್ಣೆ ಕೇಳಿ, ಬೆರಳಿಗೆ ಸವರಿಕೊಂಡು, ಒಂದೊಂದನ್ನೂ ಬರೀ ಎಡಗೈಯಲ್ಲಿ ತೆರೆದು ನೋಡಿದೆ. ಆಪತ್ತು ಬಂದಾಗ ಮೊದಲು ಕೈ ಒರೆಸಿಕೊಂಡು ಬಾ ಎನ್ನುತ್ತದೆಯೇ? ಒಂದು ಜಾರಿತು. ಇನ್ನೊಂದು, ತೆರೆದ ಮೇಲೆ ಗಟ್ಟಿಯಾಗಿ ನಿಲ್ಲದೆ ಬೆರಳ ಮೇಲೇ ಮಡಚಿಕೊಳ್ಳಲು ಬಂತು. ಮತ್ತೊಂದು ಎಷ್ಟು ಉದ್ದವೆಂದರೆ ನೋಡಿ ನನಗೇ ಹೆದರಿಕೆಯಾಯಿತು. ಮನೆಯಿಂದ ತಂದಿದ್ದ ನೈಲಾನ್ ಹಗ್ಗವನ್ನೂ ಹಳೇ ಬಟ್ಟೆಯನ್ನೂ ಕೊಯ್ದು ನೋಡತೊಡಗಿದಾಗ ಅಂಗಡಿಯವರು, "ಏನಮ್ಮ, ಎಣ್ ನೋಡಕ್ ಬಂದಂಗ್ ನೋಡ್ತಿದ್ದೀಯಲ್ಲ" ಎಂದರು. ಹೌದು ಮತ್ತೆ, ದಿನಾ ಜೊತೆಯಲ್ಲಿರಬೇಕಾದದ್ದು. ಕೊನೆಗೆ ಒಪ್ಪಿದ್ದು ಅಂಗೈಯಲ್ಲಿ ಅಡಗುವಂಥದ್ದು. ಹೆಬ್ಬೆರಳಿಟ್ಟು ನೂಕಿದರೆ ಅಲಗು ಹೊರಬಂದು ಟಕ್ಕೆಂದು ಕೂರುತ್ತದೆ, ನಾವಾಗಿ ಬಿಡಿಸುವ ತನಕ ಮಡಚುವುದಿಲ್ಲ. ತುದಿಯ ಕಡೆ ನುಣುಪು, ಬುಡದ ಕಡೆ ಕುಡುಗೋಲಿನ ಹಾಗೆ ಹಲ್ಲು. ತರಕಾರಿಗೂ ಸೈ, ಹಗ್ಗಕ್ಕೂ ಸೈ. ಹಿಡಿ ಕಿತ್ತಳೆ ಬಣ್ಣದ್ದು. ಮಕ್ಕಳ ಆಟದ ಸಾಮಾನೆಂದು ತಾಯಿ ಮಗ ಇಬ್ಬರೂ ನಕ್ಕಿರಿ.

ಹೋದ ಗುರುವಾರ ನಾನು ರಜೆ ಹಾಕಿ ಆಲೆಮನೆಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಹಬ್ಬದ ಬೆಲ್ಲಕ್ಕೆ ಬೇಡಿಕೆ, ಗಾಣ ನಿಲ್ಲುತ್ತಲೇ ಇರಲಿಲ್ಲ. ಮಾವ ತಾವೇ ನಿಂತು ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಟವಲು ತೆಗೆದಿಡಿ ಎಂದು ಬೆಲ್ಲ ಬೇಯಿಸುವ ರಾಜೇಂದ್ರ ಹೇಳುತ್ತಲೇ ಇದ್ದ. ಎದುರಿಗೆ ನಾಲ್ಕು ಜನ ಕೂತಿರುವಾಗ ಮೈಮೇಲೆ ಟವಲಿಲ್ಲದೆ ನಿಲ್ಲುವವರೇ ನಿಮ್ಮ ಯಜಮಾನರು? ಹೆಗಲಿಂದ ಜಾರುತ್ತದೆಂದು ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡರು. ಬಾಗಿದಾಗ ಅದರ ತುದಿ ಕಬ್ಬಿನ ಜೊತೆಯಲ್ಲೇ ಗಾಣದ ರೋಲರಿನೊಳಕ್ಕೆ ಹೋಯಿತು. ಗಾಬರಿಯಾಗದೆ ಮುಂದೆ ಓದಿ. ನಿಮ್ಮ ಮಗ ಗೋಡೆಯ ಆಚೆಗಿರುವ ಸ್ವಿಚ್ಚಿಗೆ ಓಡಿದರು. ಮೋಟರು ನಿಂತಿತು, ಆದರೆ ರೋಲರು ಕಚ್ಚಿದ ಬಟ್ಟೆಯನ್ನು ಬಿಡಲಿಲ್ಲ. ಮಾವನ ಮುಖಕ್ಕೂ ರೋಲರಿಗೂ ಒಂದು ಗೇಣು ಅಂತರ. ಉಸಿರು ಹೊರಡುತ್ತಿಲ್ಲ. ನನ್ನ ಚೀಲದಲ್ಲಿ ಚಾಕಿರುವುದು ಗೊತ್ತಿದ್ದ ರಾಜೇಂದ್ರ ಒಂದು ಕೈಯಲ್ಲಿ ಅವರ ಸೊಂಟ ತಬ್ಬಿ, ಇನ್ನೊಂದು ಕೈಯನ್ನು ನನ್ನತ್ತ ಚಾಚಿದ. "ಚಾಕು ಕೊಡಕ್ಕ, ಬಿರ್ನೆ."

ಆಗ ನಾನು ಮಾಡಿದ ಘನಕಾರ್ಯ ಕೇಳಿ. ಚೀಲದಿಂದ ಚಾಕು ತೆಗೆದು, ಅವನ ಕೈಗೆ ಕೊಡದೆ ನೆಲದ ಮೇಲಿಟ್ಟೆ. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ, ಕೆಳಗಿಡು, ಅವರೇ ಎತ್ತಿಕೊಳ್ಳಲಿ ಎಂದು ಮದುವೆಯಾದಾಗಿನಿಂದ ನನಗೆ ಹೇಳಿಕೊಟ್ಟವರು ಯಾರು? ಮಾವನ ಪ್ರಾಣ ಹೋಗುತ್ತಿದ್ದಾಗಲೂ ಕೈ ನಿಮ್ಮ ಮಾತನ್ನೇ ಕೇಳಿತು. ರಾಜೇಂದ್ರ ಬಗ್ಗಿದರೆ ಮಾವನನ್ನು ಬಿಡಬೇಕು. ಬೇರೆ ಚಾಕಾಗಿದ್ದರೆ ಆ ಕಬ್ಬಿನ ಸಿಪ್ಪೆಯಲ್ಲಿ ಮಾಯವಾಗುತ್ತಿತ್ತು. ಇದರ ಬಣ್ಣ ಕಣ್ಣಿಗೆ ಹೊಡೆಯಿತು. ನಾನೇ ಎತ್ತಿಕೊಂಡೆ. ಬಲಗೈ ಬೆರಳನ್ನು ಟವಲಿಗೂ ಅವರ ಕುತ್ತಿಗೆಗೂ ನಡುವೆ ತೂರಿಸಿ, ಕಬ್ಬಿನ ಹಾಲು ಅಂಟಿದ ಎಡಗೈಯಲ್ಲಿ ಅಲಗು ನೂಕಿದೆ. ಟಕ್ಕೆಂದಿತು. ಹಲ್ಲಿರುವ ಕಡೆ ಕೊಟ್ಟು ಹೊರಮುಖವಾಗಿ ಎಳೆದೆ, ಅಂಥ ದಪ್ಪ ಟವಲು ಬಾಳೆಪಟ್ಟೆಯಂತೆ ಸೀಳಿಹೋಯಿತು. ಮಾವನೂ ರಾಜೇಂದ್ರನೂ ಸಿಪ್ಪೆಯ ರಾಶಿಯ ಮೇಲೆ ಹಿಂದಕ್ಕೆ ಬಿದ್ದರು. ಮಾವ ಕೆಮ್ಮಿದರು. ಅತ್ತೆಮ್ಮ, ಆ ಕೆಮ್ಮು ಕೇಳಿ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವರ ಕುತ್ತಿಗೆಗೆ ಅಲಗಿನ ಒಂದು ಗೀರೂ ಬಿದ್ದಿರಲಿಲ್ಲ.

ಮದ್ದೂರಿನ ಡಾಕ್ಟರು ಎಲ್ಲ ನೋಡಿ, ಮೂಳೆಗೆ ಏನೂ ಆಗಿಲ್ಲ, ಬಾವು ಇಳಿಯುವ ತನಕ ಮುದ್ದೆ ಬೇಡ, ಅಂಬಲಿ ಕೊಡಿ ಎಂದರು. ತಕ್ಷಣ ಹೇಳಿದ್ದರೆ ನೀವು ಹಸಿಬಾಣಂತಿಯನ್ನು ಬಿಟ್ಟು ಮೊದಲ ಬಸ್ಸಿಗೆ ಬಂದುಬಿಡುತ್ತಿದ್ದಿರಿ, ಅದಕ್ಕೇ ಸುಮ್ಮನಿದ್ದೆವು. ಸ್ವಿಚ್ಚನ್ನು ಗಾಣದ ಪಕ್ಕಕ್ಕೇ ಹಾಕಿಸಿದ್ದಾಯಿತು. ಟವಲಿಗೆ ಗೋಡೆಯಲ್ಲಿ ಮೊಳೆ ಹೊಡೆದಿದ್ದೇನೆ. ಊರಿನವರು ಚಾಕು ನೋಡಲು ಬಂದರು, ನಾನೂ ಬೇಸರವಿಲ್ಲದೆ ತೆರೆದು ತೋರಿಸಿದೆ. ನಿಮ್ಮ ಮಗ ಟೀ ಅಂಗಡಿಯಲ್ಲಿ ಕೂತು, "ನಾವೇ ನೋಡಿ ಆರಿಸ್ದೋ ಕಣ್ಲಾ" ಎನ್ನುತ್ತಾರಂತೆ. ಅನ್ನಲಿ ಬಿಡಿ. ಇವಳಿಗೆ ಜಂಬ ಬಂದಿದೆ ಎಂದು ನೀವು ಅನ್ನುತ್ತೀರಿ. ಬಂದಿದೆ, ಒಪ್ಪಿಕೊಂಡೆ.

ವೀಣಳಿಗೆ ಬೆಚ್ಚಗಿರಲು ಹೇಳಿ, ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಮಾತು ಕೇಳದ, ಆದರೆ ನಿಮ್ಮವಳೇ ಆದ
ದೀಪಿಕ

ವಿ.ಸೂ.: ಬಸ್ಸಿಗೆ ಹೊತ್ತಾಯಿತೆಂದು ನಿಮ್ಮ ಮಗ ಕೂಗುತ್ತಿದ್ದಾರೆ, ಮುಖ್ಯ ವಿಷಯವೇ ಉಳಿಯಿತು. ಚಾಕು ಈಗ ನನ್ನ ಚೀಲದಲ್ಲಿಲ್ಲ. ನಿನ್ನೆ ಮಾವ ಅದನ್ನು ಇಸಿದುಕೊಂಡು ಉಡಿದಾರಕ್ಕೆ ಕಟ್ಟಿಕೊಂಡರು. ಇವತ್ತು ವಾಪಸು ಕೇಳಿದ್ದಕ್ಕೆ, ಆ ಒಡಕು ದನಿಯಲ್ಲೇ, "ನಿಮ್ಮತ್ತೆ ಬಂದು ಕೇಳ್ಲಿ ಬುಡವ್ವ, ಆಗ ನೋಡಣ" ಎಂದರು. ಎಸೆಯಲೇಬೇಕೆಂದಿದ್ದರೆ ಇನ್ನು ಅವರುಂಟು, ನೀವುಂಟು. ನನಗೆ ಮಾತ್ರ, ಬರುವಾಗ ಮಳವಳ್ಳಿಯಲ್ಲಿ ಬಸ್ಸು ಬದಲಿಸುತ್ತೀರಲ್ಲ, ಅಲ್ಲಿ ಅಂಥದ್ದೇ ಇನ್ನೊಂದು ತನ್ನಿ. ನಾನೇ ಹೋಗಿ ತರಬಲ್ಲೆ, ಆದರೆ ತರುವುದಿಲ್ಲ. ಈ ಸಲದ್ದು ನೀವು ಕೊಡಿಸಿದ್ದೇ ಆಗಬೇಕು.