ಡಿಸ್ಚಾರ್ಜ್ ಅಂದರೆ

ಮಂಗಳವಾರ, ಜೂನ್ ೧೦

ಅಮ್ಮನ ಆ ಮುಖ ಇನ್ನೂ ಕಣ್ಣಿಂದ ಮರೆಯಾಗಿಲ್ಲ. ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಅಪ್ಪ ಮಲಗಿದ್ದರು. ಅವರ ಕಾಲ ಬಳಿ ಕೂತು ಅಮ್ಮ ಬಿಕ್ಕುತ್ತಿದ್ದಳು. ಏನಾಯಿತೆಂದು ಓಡಿಹೋಗಿ ಕೇಳಿದೆ.

"ನಾಳೆ ನಿಮ್ಮಪ್ಪ ಡಿಸ್ಚಾರ್ಜ್ ಆಗ್ತಾರಂತೆ ಕಣೇ. ನರ್ಸಮ್ಮ ನಗ್‌ನಗ್ತಾ ಹೇಳಿ ಹೋದ್ಲು."

"ಒಳ್ಳೇದೇ ಅಲ್ವೇನಮ್ಮಾ?"

"ಏನೇ ಒಳ್ಳೇದು? ಫೋನ್ ಸತ್ತು ಬಿದ್ದಾಗೆಲ್ಲ ನೀನೇ ಡಿಸ್ಚಾರ್ಜ್ ಆಯ್ತು ಅಂತೀಯಲ್ಲ!"

ನಗು ಬಂತು, ಅದರ ಬೆನ್ನಿಗೇ ಅಳು. ಬರಿದಾಗುವುದಕ್ಕೂ ಬಿಡುಗಡೆಗೂ ಇಂಗ್ಲಿಷಿನಲ್ಲಿ ಅದೊಂದೇ ಪದ ಎಂದು ಬಿಡಿಸಿ ಹೇಳಿದೆ.

"ಮನೆಗೆ ಕಳಿಸ್ತೀವಿ ಅನ್ನೋಕೆ ಏನು ರೋಗ ಅವಳಿಗೆ?" ಎಂದು ಸಿಡುಕುತ್ತಲೇ ಅಪ್ಪನ ಹೊದಿಕೆಯನ್ನು ಕತ್ತಿನ ತನಕ ಎಳೆದಳು.

ಅಪ್ಪ ಕಣ್ಣು ತೆರೆಯದೆಯೇ, "ಇಷ್ಟು ಪ್ರೀತಿ ಇದೆ ಅಂತ ಗೊತ್ತಿದ್ರೆ ಯಾವತ್ತೋ ಬಂದು ಮಲಗ್ತಿದ್ದೆ" ಅಂದರು. ಅಮ್ಮ ಅವರ ಕೈ ಚಿವುಟಿದಳು. ಚಿವುಟಿದ ಕೈಯನ್ನು ಮತ್ತೆ ಬಿಡಲಿಲ್ಲ.

ರಾತ್ರಿಗೆ ಅಣ್ಣ ಆಸ್ಪತ್ರೆಯಲ್ಲಿ ಉಳಿದಿದ್ದಾನೆ, ನಾನೂ ಅಮ್ಮನೂ ಮನೆಗೆ ಬಂದೆವು. ಪಕ್ಕದ ಕೋಣೆಯಲ್ಲಿ ಅಮ್ಮ ಅಪ್ಪನ ದಿಂಬುಗಳಿಗೆ ಒಗೆದ ಗವಸು ಹಾಕುತ್ತಾ ಏನೋ ಗುನುಗುತ್ತಿದ್ದಾಳೆ. ಆಗಲೇ ನಾಲ್ಕು ದಿಂಬಾಯಿತು. ಅಪ್ಪನಿಗಿರುವುದು ಒಂದೇ ತಲೆ ಎಂದು ಕೂಗಿ ಹೇಳೋಣವೆಂದರೆ, ಎಲ್ಲಿ ಗುನುಗುವುದನ್ನು ನಿಲ್ಲಿಸಿಬಿಡುತ್ತಾಳೋ ಎಂದು…